ಹೊಲಿಗೆ ಕಲಿಯಲು ನಾಲ್ಕು ವರ್ಷ ಕಾಲೇಜು ಏಕೆ?

ಪ್ರಶ್ನೆ: ಮಗಳು ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಧಾರವಾಡದಲ್ಲಿ ಜವಳಿ ಮತ್ತು ಉಡುಪು ವಿನ್ಯಾಸ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮ ಓಣಿಯಲ್ಲಿಯೇ ಆರು ತಿಂಗಳಲ್ಲಿ ಹೊಲಿಗೆ ಕಲಿಸುತ್ತಾರೆ. ಅದಕ್ಕೆ ನಾಲ್ಕು ವರ್ಷ ಕಾಲೇಜು ಏಕೆ ಬೇಕು?

ಉತ್ತರ: ಹೊಲಿಗೆಯಷ್ಟೇ ಕಲಿಯುವುದಾದರೆ ಖಂಡಿತ ಬೇಕಿಲ್ಲ. ಓಣಿಯ ತರಬೇತಿ ಸಾಕು, ಅದು ಗೌರವದ ದುಡಿಮೆಯೂ ಹೌದು. ಆದರೆ ಕಾಲೇಜಿನಲ್ಲಿ ಕಲಿಯುವುದು ಮುಖ್ಯವಾಗಿ ಬಟ್ಟೆಯ ಗುಣವನ್ನು. ಹೊಲಿಗೆ ಅದರ ಒಂದು ಭಾಗ ಮಾತ್ರ. ನಾನೂ ಈ ವಿಷಯವನ್ನೇ ಓದಿದವಳಾದ್ದರಿಂದ, ಮನೆಯಲ್ಲಿ ನಡೆಯುವ ಒಂದು ಸಂಗತಿಯಿಂದಲೇ ವಿವರಿಸುತ್ತೇನೆ.

ಹೊಸ ಸೀರೆಯನ್ನು ಮೊದಲ ಸಲ ಒಗೆದಾಗ ದಡಿಯ ಕೆಂಪು ಬಣ್ಣ ಒಡಲಿಗೆ ಹತ್ತಿತೆಂದುಕೊಳ್ಳಿ. ಮುಂದಿನ ಸೀರೆಗಾದರೂ ಹೀಗಾಗದಿರಲೆಂದು ನಮ್ಮ ಅಜ್ಜಿಯಂದಿರು ಉಪ್ಪುನೀರಿನಲ್ಲಿ ನೆನೆಸುತ್ತಿದ್ದರು. ಉಪ್ಪಿಗೂ ಬಣ್ಣಕ್ಕೂ ಸಂಬಂಧವಿರುವುದು ನಿಜ, ಆದರೆ ಅದು ಬಣ್ಣ ಹಾಕುವ ಹೊತ್ತಿನ ಸಂಬಂಧ. ಹತ್ತಿಯ ಎಳೆಯೂ ಬಣ್ಣದ ಕಣವೂ ನೀರಿನಲ್ಲಿ ಋಣ ವಿದ್ಯುದಂಶ ಹೊಂದಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರಕ್ಕೆ ತರುತ್ತದೆ. ಈಗ ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು ಎಳೆಯೊಂದಿಗೆ ಗಟ್ಟಿಯಾಗಿ ಕೂಡಬೇಕಾದರೆ ಅದರ ಮೇಲೆ ವಾಷಿಂಗ್ ಸೋಡಾದಂತಹ ಕ್ಷಾರವೂ ಬೇಕು. ಹಾಗೆ ಕೂಡದೆ ಉಳಿದ ಬಣ್ಣವನ್ನು ಬಿಸಿ ಸಾಬೂನು ನೀರಿನಲ್ಲಿ ಪೂರ್ತಿ ತೊಳೆದು ತೆಗೆಯದಿದ್ದರೆ, ಅದೇ ಮುಂದೆ ನಿಮ್ಮ ಬಕೆಟ್ಟಿನಲ್ಲಿ ಇಳಿಯುತ್ತದೆ. ಸಿದ್ಧವಾದ ಸೀರೆಯನ್ನು ಎಷ್ಟು ಉಪ್ಪಿನಲ್ಲಿ ನೆನೆಸಿದರೂ ಆ ಕೊರತೆ ತುಂಬುವುದಿಲ್ಲ. ಪ್ರಯೋಗಾಲಯದಲ್ಲಿ ಬಣ್ಣದ ಬಟ್ಟೆಯ ತುಂಡೊಂದನ್ನು ಬಿಳಿ ಬಟ್ಟೆಯ ತುಂಡಿನೊಂದಿಗೆ ಸೇರಿಸಿ ಹೊಲಿದು, ನಿಗದಿತ ಬಿಸಿಯಲ್ಲಿ ಒಗೆದು, ಬಿಳಿ ಬಟ್ಟೆಗೆ ಎಷ್ಟು ಬಣ್ಣ ಹತ್ತಿತೆಂಬುದನ್ನು 1ರಿಂದ 5ರವರೆಗಿನ ಬೂದು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಅಳೆಯುತ್ತಾರೆ. 5 ಬಂದರೆ ಬಣ್ಣ ಗಟ್ಟಿ. ನಿಮ್ಮ ಮಗಳು ಪಿಯುಸಿಯಲ್ಲಿ ಓದಿದ ರಸಾಯನಶಾಸ್ತ್ರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ನನ್ನ ಮೊದಲ ಪ್ರಾಯೋಗಿಕ ತರಗತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಿಮಟದಲ್ಲಿ ಹಿಡಿದ ಒಂದೊಂದೇ ಎಳೆಯನ್ನು ದೀಪದ ಉರಿಗೆ ಒಡ್ಡಿದೆವು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ, ಮುಟ್ಟಿದರೆ ಉದುರುವ ಮೆತ್ತನೆಯ ಬೂದಿಯಾಯಿತು. ರೇಷ್ಮೆ ಕೂದಲು ಸುಟ್ಟಂತೆ ನಾತ ಬಿಟ್ಟಿತು. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಉಗುರಿಗೂ ಪುಡಿಯಾಗದ ಕಪ್ಪು ಮಣಿಯಾಗಿ ಉಳಿಯಿತು. ಅಂದಿನಿಂದ ಅಂಗಡಿಯವರು "ಪ್ಯೂರ್ ಕಾಟನ್" ಎಂದಾಕ್ಷಣ ನಂಬುವ ಅಭ್ಯಾಸ ನನಗೆ ತಪ್ಪಿಹೋಯಿತು.

ಈ ವಿಷಯವನ್ನು ನಮ್ಮ ಭಾಗದಲ್ಲಿಯೇ ಓದುವುದಕ್ಕೆ ಬೇರೆಯೇ ಬೆಲೆಯಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತಿಯ ಎಳೆ ಉದ್ದವಿದ್ದಷ್ಟೂ ತೆಳುವಾದ ನೂಲು ತೆಗೆಯಬಹುದೆಂದು ಪುಸ್ತಕ ಹೇಳುತ್ತದೆ. ಅಂತಹ ಉದ್ದ ಎಳೆಯ ವರಲಕ್ಷ್ಮಿ ಎಂಬ ಸಂಕರಣ ತಳಿ 1972ರಲ್ಲಿ ಹೊರಬಂದದ್ದು ಧಾರವಾಡದ ಸಂಶೋಧನಾ ಕೇಂದ್ರದಿಂದಲೇ. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅದೇ ಅದರ ಕೌಂಟ್ ಎಂಬ ಲೆಕ್ಕವನ್ನು ತರಗತಿಯಲ್ಲಿ ಕಲಿತವಳು ಬೆಟಗೇರಿಯ ಮಗ್ಗದ ಮುಂದೆ ನಿಂತರೆ, 40ರ ನೂಲೆಂದು ನೇಕಾರರು ಹೇಳುವುದು ಪೌಂಡಿಗೆ 33,600 ಗಜ ಎಂದು ಅವಳಿಗೆ ಆಗಲೇ ತಿಳಿಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಉದ್ದಕ್ಕಿರುವ) ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಒಂದೊಂದಾಗಿ ಕುಣಿಕೆಯಿಂದ ಸೇರಿಸುವ ಕೊಂಡಿಯ ಜಾಣ್ಮೆ ಚಿತ್ರ ನೋಡಿ ತಿಳಿಯುವಂತಹುದಲ್ಲ. ಹಾಗೆಯೇ ಕಸೂತಿ: ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆಗಳನ್ನು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಹಾಸು–ಹೊಕ್ಕಿನ ಎಳೆ ಎಣಿಸುತ್ತಲೇ ಹಾಕಬೇಕು, ಗವಂತಿಯಂತೂ ಮುಂದೆಯೂ ಹಿಂದೆಯೂ ಒಂದೇ ತೆರನಾಗಿ ಕಾಣಬೇಕು. ಇನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಂತೆ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ಬಟ್ಟೆಯ ತೂಕ, ಎಳೆಗಳ ಎಣಿಕೆ, ಬಣ್ಣದ ಗಟ್ಟಿತನಗಳನ್ನು ನೋಡುವುದೆಂದರೆ ಈ ಓದಿನ ಪಾಠವೇ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಪದವಿಯ ಹೆಸರು ಸಮುದಾಯ ವಿಜ್ಞಾನ, ಹಿಂದೆ ಇದನ್ನೇ ಗೃಹವಿಜ್ಞಾನ ಎನ್ನುತ್ತಿದ್ದರು. ಅದರಲ್ಲಿ ಜವಳಿಯ ಜೊತೆಗೆ ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ವಿಸ್ತರಣೆ (ತಿಳಿವಳಿಕೆಯನ್ನು ಜನರಿಗೆ ತಲುಪಿಸುವ ವಿದ್ಯೆ) ಮೊದಲಾದ ವಿಷಯಗಳನ್ನೂ ಓದಬೇಕು. ಜವಳಿಯೊಂದರಲ್ಲೇ ಆಳಕ್ಕಿಳಿಯುವುದು ಸ್ನಾತಕೋತ್ತರ ಹಂತದಲ್ಲಿ. ಇದನ್ನು ಅರಿಯದೆ ಸೇರಿ ಮೊದಲ ವರ್ಷದಲ್ಲೇ ಬೇಸರಪಟ್ಟವರನ್ನು ನಾನು ಕಂಡಿದ್ದೇನೆ. ಯಂತ್ರಗಳತ್ತ ಒಲವಿದ್ದರೆ ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನದ ಬಿ.ಇ. ಇದೆ, ಮಗ್ಗದತ್ತಲೇ ಮನಸ್ಸಿದ್ದರೆ ಗದಗ–ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಇದೆ.

ಓದಿದವರಿಗೆ ಗಾರ್ಮೆಂಟ್ ಕಾರ್ಖಾನೆಗಳ ಗುಣಮಟ್ಟ ವಿಭಾಗ, ಪರೀಕ್ಷಾ ಪ್ರಯೋಗಾಲಯ, ಖರೀದಿದಾರರೊಂದಿಗೆ ವ್ಯವಹರಿಸುವ ಮರ್ಚಂಡೈಸಿಂಗ್, ಬೋಧನೆ, ಸ್ವಂತ ಉದ್ಯೋಗ ಎಲ್ಲವೂ ತೆರೆದಿವೆ. ಆದರೆ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಬೆಂಗಳೂರಿನ ಕಡೆ ಇರುವುದರಿಂದ, ಮಗಳನ್ನು ಊರು ಬಿಟ್ಟು ಕಳಿಸಲು ಮನೆಯವರು ಸಿದ್ಧರಿದ್ದಾರೆಯೇ ಎಂಬ ಮಾತನ್ನು ಪ್ರವೇಶಕ್ಕೆ ಮೊದಲೇ ಆಡಿ ಮುಗಿಸಿ. ಕಾಲೇಜು ನೋಡಲು ಹೋದ ದಿನ ಕಟ್ಟಡವನ್ನಷ್ಟೇ ನೋಡಿ ಬರಬೇಡಿ. ಬಣ್ಣ ಹಾಕುವ ಕೋಣೆ ಎಲ್ಲಿದೆ, ಬಟ್ಟೆಯ ಬಲ ಅಳೆಯುವ ಯಂತ್ರ ನಡೆಯುತ್ತಿದೆಯೇ, ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇದೆಯೇ ಅಥವಾ ಧೂಳು ಕೂತಿದೆಯೇ ಎಂದು ಮಗಳೊಂದಿಗೆ ಒಳಗೆ ಹೋಗಿ ನೋಡಿ.