ಹಾರ್ನ್ ಆಗುತ್ತೆ, ಸ್ಟಾರ್ಟ್ ಯಾಕಾಗಲ್ಲ?

ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಅಲ್ಲಿಗೊಂದು ಮಿನಿ ಟ್ರ್ಯಾಕ್ಟರ್. ಮರಗಳ ಸಾಲಿನ ನಡುವೆ ನುಗ್ಗುವಷ್ಟು ಸಣ್ಣದು. ಗೊಬ್ಬರ ಸಾಗಿಸುವುದು, ಸೊಪ್ಪು ತರುವುದು, ಅಡಿಕೆ ಗೊನೆ ಹೊರುವುದು ಎಲ್ಲ ಅದರದೇ ಕೆಲಸ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಅದು ಕೊಟ್ಟಿಗೆ ಪಕ್ಕದ ಶೆಡ್ಡು ಸೇರುತ್ತದೆ. ಮತ್ತೆ ಅದರ ನೆನಪಾಗುವುದು ಆಯುಧಪೂಜೆ ಹೊತ್ತಿಗೆ.

ಹೋದ ಸಲ ಪೂಜೆಗೆ ಎರಡು ದಿನ ಇರುವಾಗ ಚಿಕ್ಕಪ್ಪ ಕೀ ತಿರುಗಿಸಿದರು. ಟಕ್‌ಟಕ್‌ಟಕ್ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ಅದೇ ಟಕ್‌ಟಕ್‌ಟಕ್. ಇಂಜಿನ್ ಒಂದು ಸುತ್ತೂ ತಿರುಗಲಿಲ್ಲ. ಹಾರ್ನ್ ಒತ್ತಿದರೆ ಮಾತ್ರ ಗುಡ್ಡದಾಚೆಗೂ ಕೇಳುವಷ್ಟು ಜೋರು.

“ಹಾರ್ನ್ ಹೊಡೀತಿದೆ, ಲೈಟೂ ಉರೀತಿದೆ. ಬ್ಯಾಟರಿ ಸರಿ ಇದೆ ಮಾರಾಯ. ಇಂಜಿನ್ನಿಗೇ ಏನೋ ಆಗಿದೆ” ಎಂದರು ಚಿಕ್ಕಪ್ಪ. ನೋಡಲು ಬಂದ ಪಕ್ಕದ ತೋಟದವರು ಬೇರೆಯೇ ಕಾರಣ ಹೇಳಿದರು. ಬ್ಯಾಟರಿ ಹಾಕಿ ಎರಡು ವರ್ಷವೂ ಆಗಿಲ್ಲ, ಗಾಡಿಗೆ ಯಾರದೋ ಕಣ್ಣು ತಾಗಿದೆ, ಒಂದು ನಿಂಬೆಹಣ್ಣು ಇಳಿ ತೆಗೆದು ನೋಡಿ ಅಂತ.

ನನಗೆ ದೃಷ್ಟಿಯ ಮಾತಿಗಿಂತ ಹಾರ್ನಿನ ಮಾತೇ ಜಾಸ್ತಿ ಕಾಡಿತು. ದೃಷ್ಟಿ ತಾಗುವುದನ್ನು ನಂಬದವರು ಎಷ್ಟೋ ಜನ ಇದ್ದಾರೆ. ಹಾರ್ನ್ ಹೊಡೆದರೆ ಬ್ಯಾಟರಿ ಚೆನ್ನಾಗಿದೆ ಎಂಬುದನ್ನು ನಂಬದವರು ಮಾತ್ರ ತೀರಾ ಕಡಿಮೆ. ಓದಿದವರೂ ನಂಬುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೀಟರ್ ಹಿಡಿದು ನೋಡಿದೆ. 12.1 ವೋಲ್ಟ್. ಪೂರ್ತಿ ಚಾರ್ಜ್ ಆದ ಒಳ್ಳೆ ಬ್ಯಾಟರಿ ಸುಮ್ಮನೆ ಕೂತಾಗ 12.6 ತೋರಿಸಬೇಕು. ಅಂದರೆ ಅರ್ಧಕ್ಕಿಂತಲೂ ಕಡಿಮೆ ಚಾರ್ಜ್ ಇತ್ತು. ಚಾರ್ಜರ್ ತಂದು ರಾತ್ರಿಯಿಡೀ ಹಚ್ಚಿಟ್ಟೆವು. ಬೆಳಗ್ಗೆ ಚಾರ್ಜರ್ ತೆಗೆದು ಒಂದೆರಡು ಗಂಟೆ ಬಿಟ್ಟು ನೋಡಿದರೆ 12.5. ಚಿಕ್ಕಪ್ಪನ ಮುಖ ಅರಳಿತು. ಕೀ ತಿರುಗಿಸಿದರೆ ಮತ್ತೆ ಟಕ್‌ಟಕ್‌ಟಕ್. ಆದರೆ ಈ ಸಲ ನಾನು ಮೀಟರಿನ ಕಡ್ಡಿಗಳನ್ನು ಬ್ಯಾಟರಿ ಟರ್ಮಿನಲ್ ಮೇಲೇ ಒತ್ತಿ ಹಿಡಿದಿದ್ದೆ. ಕೀ ತಿರುಗಿಸಿದ ಕೂಡಲೇ 12.5 ಇದ್ದದ್ದು 5ರ ಆಸುಪಾಸಿಗೆ ಕುಸಿಯಿತು. ಕೀ ಬಿಟ್ಟರೆ ಮತ್ತೆ 12ರ ಮೇಲೆ. ಇಡೀ ರಹಸ್ಯ ಇರುವುದು ಆ ಕುಸಿತದಲ್ಲಿ.

ಬ್ಯಾಟರಿ ಅಂದರೆ ಕರೆಂಟ್ ತುಂಬಿಟ್ಟ ಡಬ್ಬ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟು ತುಂಬಿದೆ ಎನ್ನುವುದನ್ನು ಮಾತ್ರ ಕೇಳುತ್ತೇವೆ. ಅದು ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ಕೇಳುವುದಿಲ್ಲ. ಅದರ ಅಳತೆಯೇ ಆಂಪಿಯರ್. ಹಾರ್ನಿಗೆ ಬೇಕಾದದ್ದು ಸುಮಾರು 4 ಆಂಪಿಯರ್. ಸೆಲ್ಫ್ ಮೋಟಾರಿಗೆ, ಅಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ಮೊದಲು ತಿರುಗಿಸಿಕೊಡುವ ಮೋಟಾರಿಗೆ, ಇಂಥ ಸಣ್ಣ ಟ್ರ್ಯಾಕ್ಟರಿನಲ್ಲೂ 150 ಆಂಪಿಯರ್ ಬೇಕಾಗುತ್ತದೆ. ತಿರುಗಲು ಶುರುವಾಗುವ ಆ ಕ್ಷಣಕ್ಕೆ ಇನ್ನೂ ಜಾಸ್ತಿ.

ಒಂದು ಕಣಜ ಊಹಿಸಿಕೊಳ್ಳಿ. ತುಂಬ ಭತ್ತ ಇದೆ. ಕೆಳಗಿನ ಬಾಯಿ ಮಾತ್ರ ಕಟ್ಟಿಕೊಂಡು ಬೆರಳು ತೂರುವಷ್ಟು ಉಳಿದಿದೆ. ಕೋಳಿಗೆ ಹಾಕಲು ಒಂದು ಹಿಡಿ ಬೇಕೆಂದರೆ ಸಲೀಸಾಗಿ ಸಿಗುತ್ತದೆ. ಇಡೀ ಊರಿಗೆ ಊಟ, ಹತ್ತು ನಿಮಿಷದಲ್ಲಿ ಹತ್ತು ಮೂಟೆ ಬೇಕು ಎಂದರೆ? ಒಳಗೆ ಇದ್ದೂ ಇಲ್ಲದ ಹಾಗೆ. ತೇರಿನ ಹೋಲಿಕೆಯೂ ಹೊಂದುತ್ತದೆ. ಉರುಳುತ್ತಿರುವ ತೇರನ್ನು ಎಳೆಯಲು ಸ್ವಲ್ಪ ಜನ ಸಾಕು. ನಿಂತ ತೇರು ಮೊದಲ ಸಲ ಅಲುಗಬೇಕಾದರೆ ಹಗ್ಗಕ್ಕೆ ಎಲ್ಲರೂ ಒಟ್ಟಿಗೇ ಕೈ ಹಾಕಬೇಕು. ನೂರು ಜನ ಒಬ್ಬೊಬ್ಬರಾಗಿ ಬಂದು ಎಳೆದು ಹೋದರೆ ತೇರು ಕದಲುವುದಿಲ್ಲ. ಡೀಸೆಲ್ ಇಂಜಿನ್ ಅಂಥ ತೇರು. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಹಿಚುಕಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಅಷ್ಟು ಹಿಚುಕುವ ಬಲ ಮೊದಲು ಸೆಲ್ಫ್‌ನಿಂದ ಬರಬೇಕು.

ಈಗ ಲೆಕ್ಕ. ಪ್ರತಿ ಬ್ಯಾಟರಿಯ ಒಳಗೂ ಒಂದಷ್ಟು ತಡೆ ಇರುತ್ತದೆ. ಒಳ್ಳೆ ಬ್ಯಾಟರಿಯಲ್ಲಿ ಅದು 0.01 ಓಮ್ ಇದೆ ಎನ್ನೋಣ. 150 ಆಂಪಿಯರ್ ಹರಿದರೆ ಒಳಗೇ ಕಳೆದುಹೋಗುವುದು ಎರಡನ್ನೂ ಗುಣಿಸಿದಷ್ಟು, ಅಂದರೆ 1.5 ವೋಲ್ಟ್. 12.5ರಲ್ಲಿ ಮೋಟಾರಿಗೆ 11 ಸಿಗುತ್ತದೆ, ಇಂಜಿನ್ ಗರ್ರನೆ ತಿರುಗುತ್ತದೆ. ಅದೇ ತಡೆ 0.05 ಓಮ್ ಆಗಿದ್ದರೆ? 150 ಆಂಪಿಯರಿಗೆ ಏಳೂವರೆ ವೋಲ್ಟ್ ಒಳಗೇ ಹೋಯಿತು. ಹೊರಗೆ ಉಳಿದದ್ದು 5. ಆದರೆ ಅದೇ ಹಾಳಾದ ಬ್ಯಾಟರಿಯಲ್ಲಿ ಹಾರ್ನ್ ಒತ್ತಿ ನೋಡಿ. 4 ಆಂಪಿಯರಿಗೆ ಕಳೆಯುವುದು ಬರೀ 0.2 ವೋಲ್ಟ್. ಹಾರ್ನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಾರ್ನ್ ಸುಳ್ಳು ಹೇಳುತ್ತಿಲ್ಲ. ನಾವು ಅದಕ್ಕೆ ಗೊತ್ತಿಲ್ಲದ ವಿಷಯವನ್ನು ಅದರ ಹತ್ತಿರ ಕೇಳುತ್ತಿದ್ದೇವೆ.

ನಿಂಬೆಹಣ್ಣಿನ ವಿಷಯಕ್ಕೂ ಬರೋಣ, ಯಾಕೆಂದರೆ ನಿಂಬೆಹಣ್ಣೂ ಒಂದು ಬ್ಯಾಟರಿಯೇ. ಒಂದು ತಾಮ್ರದ ತಂತಿ, ಒಂದು ಸತು ಲೇಪಿಸಿದ ಮೊಳೆ ಚುಚ್ಚಿ ಮೀಟರ್ ಹಿಡಿದರೆ ಸುಮಾರು 0.9 ವೋಲ್ಟ್ ತೋರಿಸುತ್ತದೆ. 14 ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ 12.6 ವೋಲ್ಟ್. ಹೊಸ ಬ್ಯಾಟರಿಯಷ್ಟೇ! ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದಾಗ ಅವರ ಕಣ್ಣು ಅಗಲವಾಗುವುದನ್ನು ನೋಡಬೇಕು. ಆದರೆ ಆ ಸಾಲಿನಿಂದ ಬರುವ ಕರೆಂಟ್ ಒಂದು ಮಿಲಿಆಂಪಿಯರ್ ಆಸುಪಾಸು. ಆ ಲೆಕ್ಕದಲ್ಲಿ ನಮ್ಮ ಸೆಲ್ಫ್ ತಿರುಗಿಸಲು ಅಂಥ ಒಂದೂವರೆ ಲಕ್ಷ ಸಾಲು ಬೇಕು. ಅಂದರೆ 21 ಲಕ್ಷ ನಿಂಬೆಹಣ್ಣು. ವೋಲ್ಟ್ ಒಂದೇ ಇದ್ದರೂ ಶಕ್ತಿ ಎಷ್ಟು ಬೇರೆ ಅಲ್ವಾ?

ಒಂದು ಬಕೆಟ್ಟಿಗಿಂತ ಸಣ್ಣದಾದ ಬ್ಯಾಟರಿ ಇಷ್ಟು ಕರೆಂಟನ್ನು ಹೇಗೆ ಕೊಡುತ್ತದೆ? ಇದರ ಹಿಂದೆ ಇಬ್ಬರು ಫ್ರೆಂಚರಿದ್ದಾರೆ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. ಸುರುಳಿ ಯಾಕೆ? ಸಣ್ಣ ಜಾಗದಲ್ಲಿ ದೊಡ್ಡ ಮೈ ಸಿಗಲಿ ಎಂದು. ರಾಸಾಯನಿಕ ಕ್ರಿಯೆ ನಡೆಯುವುದು ಸೀಸವೂ ಆಸಿಡ್ಡೂ ಮುಟ್ಟುವ ಜಾಗದಲ್ಲಿ ಮಾತ್ರ. 1881ರಲ್ಲಿ ಕಾಮಿಲ್ ಫೋರ್ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಪ್ಲೇಟಿಗೆ ಮೆತ್ತಿದ. ಚಾರ್ಜ್ ಮಾಡಿದಾಗ ಅದು ಚೆನ್ನಾಗಿ ಉಬ್ಬಿದ ಇಡ್ಲಿಯ ಹಾಗೆ ತೂತುತೂತಾಗುತ್ತದೆ. ಆಸಿಡ್ ಒಳಗೊಳಗೆ ಇಳಿಯುತ್ತದೆ. ಅಂಗೈ ಅಗಲದ ಪ್ಲೇಟಿನೊಳಗೆ ಅಂಗಳದಷ್ಟು ಮೈ ಮಡಚಿ ಇಟ್ಟ ಹಾಗೆ. ಎಲ್ಲ ಕಡೆಯಿಂದ ಒಟ್ಟಿಗೇ ಕೆಲಸ ನಡೆಯುವುದರಿಂದ ನೂರಾರು ಆಂಪಿಯರ್ ಹರಿಯುತ್ತದೆ.

ಹಾಗಾದರೆ ಹಾಳಾಗುವುದು ಏನು? ಆ ತೂತುಗಳೇ. ಬ್ಯಾಟರಿ ಕರೆಂಟ್ ಕೊಡುವಾಗ ಎರಡೂ ಬಗೆಯ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಆಸಿಡ್ ಸೇರುತ್ತದೆ, ಏಕೆಂದರೆ ಹರಳು ಇನ್ನೂ ತೀರಾ ಸಣ್ಣವು, ಸಕ್ಕರೆ ಪುಡಿಯ ಹಾಗೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳು ಕರಗಿ ದೊಡ್ಡ ಹರಳಿಗೆ ಅಂಟಿಕೊಳ್ಳುತ್ತಾ ಹೋಗುತ್ತವೆ. ಪಾಕವನ್ನು ಅಲುಗಿಸದೆ ಇಟ್ಟರೆ ಕಲ್ಲುಸಕ್ಕರೆ ಆಗುತ್ತದಲ್ಲ, ಹಾಗೆ. ಸಕ್ಕರೆ ಪುಡಿ ಹಾಲಿಗೆ ಹಾಕಿದರೆ ಕ್ಷಣದಲ್ಲಿ ಕರಗುತ್ತದೆ. ಕಲ್ಲುಸಕ್ಕರೆ ಕರಗಲು ಕಾಯಬೇಕು. ಎರಡೂ ಸಕ್ಕರೆಯೇ, ಹರಳಿನ ಗಾತ್ರ ಮಾತ್ರ ಬೇರೆ. ನಮ್ಮ ಬ್ಯಾಟರಿಯಲ್ಲಿ ನಾಲ್ಕು ತಿಂಗಳ ಮಳೆಗಾಲದಲ್ಲಿ ಆದದ್ದು ಇದೇ. ಒಳಗೆ ಕಲ್ಲುಸಕ್ಕರೆ ಕಟ್ಟಿ ತೂತುಗಳು ಮುಚ್ಚಿಹೋಗಿದ್ದವು.

ಇಲ್ಲಿ ಆಸಿಡ್ಡಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಬ್ಯಾಟರಿ ವೀಕ್ ಆಯಿತೆಂದು ಹೊಸ ಆಸಿಡ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಆಸಿಡ್ ಎಲ್ಲಿಗೂ ಹೋಗಿರುವುದಿಲ್ಲ. ಸಲ್ಫೇಟ್ ಆಗಿ ಪ್ಲೇಟ್ ಮೇಲೆ ಕೂತಿರುತ್ತದೆ. ಆರಿ ಹೋಗುವುದು ನೀರು ಮಾತ್ರ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು.

ಬ್ಯಾಟರಿಯನ್ನು ದೂರುವ ಮುಂಚೆ ನಾವು ಟರ್ಮಿನಲ್‌ಗಳನ್ನೂ ನೋಡಿದ್ದೆವು. ಅಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಆ ಪುಡಿಯೇ 0.05 ಓಮ್ ತಡೆ ಒಡ್ಡಬಹುದು. ಆಗ ಹೊಸ ಬ್ಯಾಟರಿ ಹಾಕಿದರೂ ಅದೇ ಟಕ್‌ಟಕ್. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಉಜ್ಜಿದರೆ ಪುಡಿ ಹೋಗುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ನಮ್ಮದರಲ್ಲಿ ಟರ್ಮಿನಲ್ ಸ್ವಚ್ಛವಾಗಿದ್ದವು. ಮೇಲಾಗಿ ಮೀಟರ್ ಕಡ್ಡಿ ಇಟ್ಟಿದ್ದು ನೇರ ಬ್ಯಾಟರಿಯ ಸೀಸದ ಗೂಟದ ಮೇಲೆ. ಹಾಗಾಗಿ ತಪ್ಪು ಒಳಗೇ ಇತ್ತು.

ತೀರ್ಥಹಳ್ಳಿಯಿಂದ ಹೊಸದು ತಂದೆವು. ತಯಾರಾದ ತಿಂಗಳು ನೋಡಿ ತೆಗೆದುಕೊಂಡೆ. ಅಂಗಡಿಯಲ್ಲಿ ಒಂದು ವರ್ಷ ಕೂತದ್ದರೊಳಗೂ ಕಲ್ಲುಸಕ್ಕರೆ ಬೆಳೆಯುತ್ತಲೇ ಇರುತ್ತದೆ. ಪ್ಲಸ್ ಯಾವ ಕಡೆ ಇದೆ ಎಂಬುದನ್ನೂ ಹಳೆಯದರ ಪಕ್ಕ ಇಟ್ಟು ನೋಡಿದೆವು. ಉಲ್ಟಾ ಇದ್ದರೆ ತಂತಿ ಮುಟ್ಟುವುದಿಲ್ಲ. ಎಳೆದು ತಪ್ಪಾಗಿ ಕೊಟ್ಟರಂತೂ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗುತ್ತವೆ.

ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಎಲ್ಲರೂ ಹೇಳುತ್ತಾರೆ, ಯಾಕೆ ಎಂದು ಹೇಳುವವರು ಕಡಿಮೆ. ಟ್ರ್ಯಾಕ್ಟರಿನ ಇಡೀ ಕಬ್ಬಿಣದ ಮೈ ಮೈನಸ್ಸಿಗೆ ಸೇರಿದೆ. ಅದು ಸೇರಿರುವಾಗ ಪ್ಲಸ್ ನಟ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿಗೋ ಚಾಸಿಗೋ ತಾಗಿತೆನ್ನಿ. ಸ್ಪ್ಯಾನರ್ ಮೂಲಕವೇ ನೂರಾರು ಆಂಪಿಯರ್ ಹರಿಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಒಣ ಚರ್ಮದ ತಡೆ ಸಾವಿರಾರು ಓಮ್. ಆದರೆ ಕೈಯಲ್ಲಿ ಉಂಗುರವೋ ಕಡಗವೋ ಇದ್ದು ಅದು ಸ್ಪ್ಯಾನರಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡರೆ, ಲೋಹ ಕೆಂಪಗೆ ಕಾದು ಬೆರಳು ಸುಡುತ್ತದೆ. ಚಿಕ್ಕಪ್ಪನ ಉಂಗುರ ತೆಗೆಸಿಯೇ ಕೆಲಸ ಶುರು ಮಾಡಿದೆ. ಬೀಡಿಯನ್ನೂ ದೂರ ಇಡಿಸಿದೆ. ಚಾರ್ಜ್ ಆದ ಬ್ಯಾಟರಿಯಿಂದ ಹೊರಬರುವ ಜಲಜನಕ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಕಿಡಿ ಸಾಕು, ಸಿಡಿಯುತ್ತದೆ. ಕೊನೆಗೆ ಬ್ಯಾಟರಿಯನ್ನು ಅದುಮಿ ಹಿಡಿಯುವ ಪಟ್ಟಿ ಬಿಗಿ ಮಾಡಿದೆವು. ತೋಟದ ದಾರಿಯಲ್ಲಿ ಕುಲುಕಿ ಕುಲುಕಿ ಪ್ಲೇಟಿನ ಹಿಟ್ಟು ಉದುರದಿರಲು ಅದು ಬೇಕೇ ಬೇಕು.

ಕೀ ತಿರುಗಿಸಿದರು. ಅರ್ಧ ಸುತ್ತಿಗೇ ಇಂಜಿನ್ ಹೊತ್ತಿಕೊಂಡಿತು.

ಈ ಸದ್ದು ಕೇಳಿದಾಗಲೆಲ್ಲ ನನಗೆ ಚಾರ್ಲ್ಸ್ ಕೆಟರಿಂಗ್ ನೆನಪಾಗುತ್ತಾನೆ. ಟಿಲ್ಲರ್ ಇರುವ ಮನೆಯವರಿಗೆ ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟ ಗೊತ್ತು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಾರುಗಳಿಗೂ ಅದೇ ಗತಿ. ಇಂಜಿನ್ ಹಿಮ್ಮುಖ ಒದ್ದರೆ ಕೈ ಮುರಿಯುತ್ತಿತ್ತು. ಅಷ್ಟು ಬಲದ ಮೋಟಾರ್ ಕೂರಿಸಿದರೆ ಅದು ಇಂಜಿನ್ನಿನಷ್ಟೇ ದೊಡ್ಡದಾಗುತ್ತದೆ ಎಂದು ಆಗಿನ ಎಂಜಿನಿಯರುಗಳು ಅಂದುಕೊಂಡಿದ್ದರು. ಅಮೆರಿಕದ ಕೆಟರಿಂಗ್ ಅದಕ್ಕೂ ಮುಂಚೆ ಅಂಗಡಿಯ ಗಲ್ಲಾ ಯಂತ್ರಕ್ಕೆ ಮೋಟಾರ್ ಕೂರಿಸಿದ್ದವನು. ಅಲ್ಲಿ ಅವನಿಗೆ ಹೊಳೆದದ್ದು ಇಷ್ಟು. ಮೋಟಾರ್ ದಿನವಿಡೀ ಓಡಬೇಕಾಗಿಲ್ಲ, ಕೆಲವೇ ಸೆಕೆಂಡು ಜೋರು ಕೊಟ್ಟರೆ ಸಾಕು. ಅಷ್ಟು ಹೊತ್ತಿಗೆ ಸಣ್ಣ ಮೋಟಾರೂ ಅಳತೆ ಮೀರಿ ದುಡಿಯಬಲ್ಲದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು.

ಇಂಜಿನ್ ಓಡುತ್ತಿರುವಾಗ ಪಕ್ಕದ ತೋಟದವರು ಮತ್ತೊಂದು ಪರೀಕ್ಷೆ ಹೇಳಿದರು. ಈಗ ಬ್ಯಾಟರಿ ತಂತಿ ಕಿತ್ತು ನೋಡಿ, ಇಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ ಅಂತ. ಇಂಥ ಟ್ರ್ಯಾಕ್ಟರಿನ ಡೀಸೆಲ್ ಪಂಪ್ ಇಂಜಿನ್ ಬಲದಿಂದಲೇ ಓಡುತ್ತದೆ. ಒಮ್ಮೆ ಶುರುವಾದರೆ ಅದಕ್ಕೆ ಬ್ಯಾಟರಿಯೇ ಬೇಡ. ಹಾಗಾಗಿ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಬದಲಿಗೆ ವೋಲ್ಟ್ ಹಠಾತ್ ಏರಿ ಆಲ್ಟರ್ನೇಟರ್ ಸುಡಬಹುದು. ಓಡುವಾಗ ಟರ್ಮಿನಲ್ ಮೇಲೆ ಮೀಟರ್ ಹಿಡಿದರೆ ಸಾಕು. ನಮ್ಮದು 14.1 ತೋರಿಸಿತು, ಚೆನ್ನಾಗಿದೆ ಎಂದರ್ಥ.

ಹಾಗಾದರೆ ಎರಡು ವರ್ಷದೊಳಗೇ ಬ್ಯಾಟರಿ ಸತ್ತದ್ದೇಕೆ? ಕೀ ತೆಗೆದು ಮೈನಸ್ ತಂತಿಯ ನಡುವೆ ಮೀಟರ್ ಸೇರಿಸಿದೆ. ಕರೆಂಟ್ ಸೋರುತ್ತಿತ್ತು, 0.01 ಆಂಪಿಯರ್. ಹುಡುಕಿದರೆ ಸಿಕ್ಕಿದ್ದು ಹಾಡಿನ ಸೆಟ್. ಕೀ ದಾಟಿಸದೆ ನೇರ ಬ್ಯಾಟರಿಗೇ ತಂತಿ ಕೊಟ್ಟಿದ್ದರು. ಆಫ್ ಮಾಡಿದರೂ ಅದರ ಗಡಿಯಾರ ನಡೆಯುತ್ತಲೇ ಇತ್ತು. 0.01 ಅಂದರೆ ಏನೂ ಅಲ್ಲ ಅನಿಸುತ್ತದೆ. 24 ಗಂಟೆ, 120 ದಿನ ಗುಣಿಸಿ. 28 ಆಂಪಿಯರ್-ಅವರ್ ದಾಟುತ್ತದೆ. ನಮ್ಮ ಬ್ಯಾಟರಿಯ ಒಟ್ಟು ಅಳತೆಯೇ 50. ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ತಾಗಿದ ಕಣ್ಣು ಅದೇ.

ಹಳೆ ಬ್ಯಾಟರಿಯನ್ನು ಸೈಕಲ್ಲಿನಲ್ಲಿ ಬರುವ ಗುಜರಿಯವನಿಗೆ ಕೊಡಲು ನಾನು ಒಪ್ಪಲಿಲ್ಲ. ಆಸಿಡ್ಡನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕರಗಿಸಿದರೆ ಆ ಹೊಗೆಯ ಸೀಸ ಸುತ್ತಲಿನ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹಾನಿ ಒಮ್ಮೆ ಆದರೆ ಸರಿಯಾಗುವುದಿಲ್ಲ. ಬ್ಯಾಟರಿ ಅಂಗಡಿಯವರು ಹಳೆಯದಕ್ಕೆ ದುಡ್ಡು ಕಳೆದು ಹೊಸದು ಕೊಡುತ್ತಾರೆ. ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಸೇರಿಸುವ ಹೊಣೆಯನ್ನು ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು ತಯಾರಕರ ಮೇಲೆ ಹಾಕಿವೆ.

ಪೂಜೆ ದಿನ ಟ್ರ್ಯಾಕ್ಟರಿಗೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಓಡಿಸಿದರು. ಚಿಕ್ಕಮ್ಮ ಕುಂಕುಮ ಇಟ್ಟರು. ನನಗದು ಇಷ್ಟವೇ. ವರ್ಷವಿಡೀ ದುಡಿದ ಯಂತ್ರವನ್ನು ಒಂದು ದಿನ ನೆನೆಯುವುದು ಒಳ್ಳೆಯದು. ಹಾಡಿನ ಸೆಟ್ಟಿನ ತಂತಿಯನ್ನು ಕೀ ಕಡೆಗೆ ಬದಲಾಯಿಸಿ ಆಗಿತ್ತು. ಈ ಸಲ ಜೂನ್‌ನಲ್ಲಿ ಮಳೆ ಹಿಡಿದ ದಿನ ಚಿಕ್ಕಪ್ಪ ಫೋನ್ ಮಾಡಿದರು. “ಕಪ್ಪು ತಂತಿ ಬಿಚ್ಚಿದೆ. ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಟ್ಟಿದ್ದೇನೆ. ಚಾರ್ಜರ್ ಎಷ್ಟು ದಿನಕ್ಕೊಮ್ಮೆ ಹಚ್ಚಬೇಕು ಅಂದಿದ್ದೆ?”

ತಿಂಗಳಿಗೊಮ್ಮೆ ಎಂದೆ.