ಸೋಷಿಯಲ್ ವರ್ಕರ್ ಬರುವ ದಿನ ಕೇಸರಿಬಾತ್

ದತ್ತು ಮಗು ಬಂದ ಮನೆಗೆ, ಮಗು ಹೊಂದಿಕೊಂಡಿದೆಯಾ ಅಂತ ನೋಡೋಕೆ ಸೋಷಿಯಲ್ ವರ್ಕರ್ ಬರುವ ದಿನ ಕೇಸರಿಬಾತ್ ಆಗುತ್ತದೆ. ಹೆಣ್ಣು ನೋಡೋಕೆ ಗಂಡಿನ ಕಡೆಯವರು ಬರುತ್ತಿದ್ದಾರೇನೋ ಅನ್ನುವ ಹಾಗೆ. ಸೋಫಾ ಕವರ್ ಬದಲಾಗುತ್ತದೆ, ಮಗುವಿಗೆ ಹೊಸ ಫ್ರಾಕ್. "ಹೇಗಿದ್ದಾಳೆ?" ಅಂದರೆ ಗಂಡ ಹೆಂಡತಿ ಇಬ್ಬರೂ ಒಂದೇ ಉಸಿರಿಗೆ "ಏನೂ ತೊಂದರೆ ಇಲ್ಲ ಮೇಡಂ" ಅಂತಾರೆ. ಅವರು ಹಾಗೇ ಬರೆದುಕೊಂಡು ಹೋಗುತ್ತಾರೆ. ಇವರು ಮಾತ್ರ ಎರಡು ವರ್ಷ ಬಿಟ್ಟು ನನ್ನ ಮುಂದೆ ಕೂತು ಅಳುತ್ತಾರೆ.

ಕೌನ್ಸೆಲಿಂಗ್ ಕೆಲಸದಲ್ಲಿ ನನಗೆ ಬೇರೆ ಯಾವುದಕ್ಕೂ ಇಷ್ಟು ಸಿಟ್ಟು ಬರಲ್ಲ.

ಹೋದ ವರ್ಷ ಒಂದು ಜೋಡಿ ಬಂದಿತ್ತು (ವಿವರ ಸ್ವಲ್ಪ ಬದಲಿಸಿದ್ದೇನೆ). ಮಗು ಮನೆಗೆ ಬಂದಾಗ ಆರು ವರ್ಷ. ಅಮ್ಮನನ್ನು "ಮಿಸ್" ಅಂತಲೇ ಕರೆಯುತ್ತಿದ್ದಳು, ಯಾಕೆಂದರೆ ಅವಳು ಬೆಳೆದ ಜಾಗದಲ್ಲಿ ಊಟ ಹಾಕುವವರು, ಸ್ನಾನ ಮಾಡಿಸುವವರು ಎಲ್ಲರೂ ಮಿಸ್ಸೇ. ಇವರು ಏನು ಮಾಡಿದರು ಗೊತ್ತಾ? ಪ್ರತಿ ಭೇಟಿಯ ಹಿಂದಿನ ರಾತ್ರಿ "ಅಮ್ಮ ಅನ್ನು, ಅಮ್ಮ ಅನ್ನು" ಅಂತ ಬಾಯಿಪಾಠ ಮಾಡಿಸಿದರು. ಮಗು ಪಾಸಾಯಿತು. ಆ ರಾತ್ರಿಗಳಲ್ಲಿ ಹಾಸಿಗೆ ಒದ್ದೆ ಆಗುತ್ತಿತ್ತು. ಅದನ್ನೂ ಯಾರಿಗೂ ಹೇಳಲಿಲ್ಲ.

ಭಯ ಏನು ಅಂದರೆ, ಕಷ್ಟ ಹೇಳಿದರೆ ಮಗುವನ್ನು ವಾಪಸ್ ಕರೆದುಕೊಂಡು ಹೋಗುತ್ತಾರೆ ಅಂತ. ನಾನು ವಕೀಲೆ ಅಲ್ಲ, ಒಂದೊಂದು ಕೇಸೂ ಬೇರೆ, ಮಗುವಿನ ಮೇಲೆ ಹಿಂಸೆ ಆಗುತ್ತಿದ್ದರಂತೂ ಮಾತೇ ಬೇರೆ. ಆದರೆ ಹಾಸಿಗೆ ಒದ್ದೆ, ಹಟ, ಸುಳ್ಳು, ಅಮ್ಮನಿಗೇ ನಿದ್ದೆ ಇಲ್ಲದಿರುವುದು, "ಈ ಮಗುವಿನ ಮೇಲೆ ನನಗೆ ಪ್ರೀತಿ ಹುಟ್ಟುತ್ತಿಲ್ಲ" ಅನ್ನುವ ಗಿಲ್ಟ್, ಇವುಗಳಿಗೋಸ್ಕರವೇ ಆ ಭೇಟಿ ಇರುವುದು. 2022ರ ದತ್ತು ನಿಯಮಗಳ ಪ್ರಕಾರ ಮಗು ಮನೆಗೆ ಬಂದಾಗಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡಬೇಕು. ಹೊಂದಾಣಿಕೆ ಆಗುತ್ತಿಲ್ಲ ಅಂದರೆ ದತ್ತು ಸಂಸ್ಥೆಯೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೋ ಕೌನ್ಸೆಲಿಂಗ್ ಏರ್ಪಾಡು ಮಾಡಬೇಕು. ಮಾಡಬಹುದು ಅಲ್ಲ, ಮಾಡಬೇಕು. ನೀವು ಬಾಯೇ ಬಿಡದಿದ್ದರೆ ಅವರು ಯಾವುದಕ್ಕೆ ಅಂತ ಏರ್ಪಾಡು ಮಾಡುತ್ತಾರೆ?

ದುಡ್ಡಿನ ಪ್ರಶ್ನೆಯೂ ಬರುತ್ತದೆ. "ಸರ್ಕಾರ ತಿಂಗಳಿಗೆ 4000 ಕೊಡುತ್ತಂತಲ್ಲ?" ಅದು ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಪ್ರಾಯೋಜಕತ್ವ (ಕಷ್ಟದಲ್ಲಿರುವ ಮಗುವಿಗೆ ಕೊಡುವ ನೆರವು), ಫಾಸ್ಟರ್ ಕೇರ್ (ದತ್ತು ಪಡೆಯದೆ ಬೇರೆ ಮನೆಯವರು ಮಗುವನ್ನು ನೋಡಿಕೊಳ್ಳುವುದು) ಇಂಥವಕ್ಕೆ. ದತ್ತು ಆದ ಮೇಲೆ ಮಗು ನಿಮ್ಮದೇ, ಖರ್ಚೂ ನಿಮ್ಮದೇ. ಇಂಗ್ಲೆಂಡಿನಲ್ಲಿ ದತ್ತು ಮಕ್ಕಳ ಥೆರಪಿಗೆ ಅಂತಲೇ 2015ರಿಂದ ಒಂದು ಸರ್ಕಾರಿ ನಿಧಿ ಇದೆ. 2025ರಲ್ಲಿ ಅದನ್ನೂ ಒಂದು ಮಗುವಿಗೆ ವರ್ಷಕ್ಕೆ 5000 ಪೌಂಡಿನಿಂದ 3000ಕ್ಕೆ ಇಳಿಸಿದರು, ಪೋಷಕರು ಕೂಗಾಡಿದರು. ನಮ್ಮಲ್ಲಿ ಕೂಗಾಡೋಕೆ ಅಂಥದ್ದೊಂದು ನಿಧಿಯೇ ಇಲ್ಲ, ಅದು ಬೇರೆ ಮಾತು. ಆದರೆ ಗಮನಿಸಿ, ಅಲ್ಲೂ ಆ ದುಡ್ಡು ಸಿಗಬೇಕಾದರೆ ಮೊದಲು ಮನೆಯವರು ಕಷ್ಟ ಹೇಳಿಕೊಳ್ಳಬೇಕು, ಸ್ಥಳೀಯ ಆಡಳಿತದವರು ಪರಿಶೀಲಿಸಿ ಅರ್ಜಿ ಹಾಕಬೇಕು.

ಎಲ್ಲ ಜಿಲ್ಲೆಯಲ್ಲೂ ಒಳ್ಳೆಯ ಕೌನ್ಸೆಲರ್ ಸಿಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೇ ಅಂತ ಅಲ್ಲ, ನಿಮಗೋಸ್ಕರವೂ ಮಾಡಬಹುದು. ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. "ಅಲ್ಲಿಗಾ?" ಅಂತ ಅಜ್ಜಿ ಮುಖ ಸಿಂಡರಿಸಿದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಂದು ಸಲ ಹೊರಗಿನ ಬೆಂಚಿನ ಮೇಲೆ ಕೂತು ಬಂದರೆ ಅರ್ಧ ಹೆದರಿಕೆ ಹೋಗುತ್ತದೆ.

ಮುಂದಿನ ಭೇಟಿಗೆ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಯಾವ ದಿನ ಏನಾಯಿತು, ಎಷ್ಟು ಹೊತ್ತು ಅತ್ತಳು, ಆಗ ನೀವು ಏನು ಮಾಡಿದಿರಿ. ನೀವು ಕಿರುಚಿದ್ದರೆ ಅದನ್ನೂ ಬರೆಯಿರಿ. ಕಾಫಿ ಕೊಡುವಾಗ ಆ ಹಾಳೆಯನ್ನೂ ಅವರ ಕೈಗೆ ಕೊಡಿ.