ಹಾವಿನ ಬಿಲ ತೋಡಿದ್ದು ಯಾರು?

ಪ್ರಶ್ನೆ: ಹಿತ್ತಲಲ್ಲಿ ತೆಂಗಿನ ಮರದ ಬುಡಕ್ಕೆ ಹೊಸದಾಗಿ ಒಂದು ಬಿಲ ಬಿದ್ದಿದೆ. ಹಾವಿನ ಬಿಲ ಅಂತ ಮನೆಯವರೆಲ್ಲ ಹೆದರಿದ್ದಾರೆ. ಹಾವು ಬಿಲ ತೋಡುತ್ತಾ?

ನಾಗರಹಾವು, ಕೇರೆಹಾವು ತೋಡುವುದಿಲ್ಲ. ತೋಡಬೇಕು ಅಂದ್ರೆ ಕಾಲು, ಉಗುರು ಬೇಕು ಅಲ್ವಾ? ಅವು ಬೇರೆಯವರು ತೋಡಿಟ್ಟ ಬಿಲಕ್ಕೆ ನುಗ್ಗಿ, ಒಳಗೆ ಸಿಕ್ಕ ಇಲಿಯನ್ನು ನುಂಗಿ, ಅಲ್ಲೇ ಸುರುಳಿ ಸುತ್ತಿ ಮಲಗುತ್ತವೆ. ಬಾಡಿಗೆ ಇಲ್ಲ, ಅಡ್ವಾನ್ಸೂ ಇಲ್ಲ.

ನಿಮ್ಮ ಹಿತ್ತಲಿನದು ಹೆಗ್ಗಣದ ಕೆಲಸ ಇರಬಹುದು. ಸ್ವಲ್ಪ ದೂರದಿಂದಲೇ ನೋಡಿ. ಬಾಯಿಯ ಹತ್ತಿರ ಸಡಿಲ ಮಣ್ಣು ಗುಡ್ಡೆ ಬಿದ್ದಿದೆಯಾ? ಹಾಗಿದ್ದರೆ ಬಹುಶಃ ಹೆಗ್ಗಣವೇ. ಎಷ್ಟೋ ಸಲ ಅದು ಅದೇ ಮಣ್ಣಿನಿಂದ ಬಾಗಿಲು ಮುಚ್ಚಿಕೊಂಡು ಒಳಗಿರುತ್ತದೆ. ಗದ್ದೆ ಬದುವಿನಲ್ಲಿ ಇದರ ಬಿಲ ಅಗೆದವರಿಗೆ ಗೊತ್ತು, ಒಳಗೆ ಭತ್ತದ ತೆನೆಯನ್ನು ಒಪ್ಪವಾಗಿ ಕೂಡಿಟ್ಟಿರುತ್ತದೆ, ನೋಡಿದರೆ ಸಿಟ್ಟಿನ ಜೊತೆ ಮೆಚ್ಚುಗೆಯೂ ಬರುತ್ತದೆ. ನೀರಿನ ಪಸೆ ಇರುವ ಜಾಗದಲ್ಲಿ, ಬಾಯಿ ಸುತ್ತ ಗೋಲಿಯಂಥ ಕೆಸರುಂಡೆ ಇದ್ದರೆ ಅದು ಏಡಿಯದು. ಬಾಯಿಗೆ ಜೇಡ ಬಲೆ ಕಟ್ಟಿದ್ದರೆ ಆ ಕಡೆಯಿಂದ ಈಚೆಗೆ ಯಾರೂ ಓಡಾಡಿಲ್ಲ. ಆದರೂ ಕೈ ಹಾಕಬೇಡಿ, ಬಿಲಕ್ಕೆ ಇನ್ನೊಂದು ಬಾಗಿಲು ಇರಬಹುದು. ಜೋರು ಮಳೆಗೆ ಬಿಲದೊಳಗೆ ನೀರು ನುಗ್ಗಿದಾಗಂತೂ ಹಾವು, ಚೇಳು ಎಲ್ಲ ಹೊರಗೆ ಬರುತ್ತವೆ. ಇಲಿ ಹೆಗ್ಗಣಕ್ಕೆ ತಿನ್ನೋಕೆ ಸಿಗದ ಹಾಗೆ ನೋಡಿಕೊಂಡರೆ ಹಾವಿಗೂ ಅಲ್ಲಿ ಕೆಲಸ ಇರುವುದಿಲ್ಲ.

ಹುತ್ತದ ಕತೆಯೂ ಇದೇ. ಗೆದ್ದಲು ಮಣ್ಣಿಗೆ ಎಂಜಲು ಬೆರೆಸಿ ಕಟ್ಟುತ್ತದೆ, ಒಳಗೆ ಅಣಬೆ ಬೆಳೆಸುತ್ತದೆ, ನಾಗರಪಂಚಮಿಗೆ ಹಾಲು ಮಾತ್ರ ಹಾವಿನ ಹೆಸರಿಗೆ!

ಎಲ್ಲ ಹಾವೂ ಹೀಗಲ್ಲ. ಮಣ್ಣುಮುಕ್ಕ ಹಾವು ಸಡಿಲ ಮಣ್ಣಿನಲ್ಲಿ ತಲೆಯಿಂದಲೇ ದಾರಿ ಮಾಡಿಕೊಂಡು ಹೋಗುತ್ತದೆ. ಬಾಲವೂ ಮೊಂಡಾಗಿರುವುದರಿಂದ ಜನ ಅದನ್ನೇ ಎರಡು ತಲೆ ಹಾವು ಅನ್ನುವುದು. ಹೂಕುಂಡದಲ್ಲಿ ಎರೆಹುಳು ಅಂದುಕೊಂಡು ನಾವು ಎತ್ತಿಹಾಕುವ ಕಪ್ಪು ಕುರುಡು ಹಾವೂ ಮಣ್ಣೊಳಗೇ ಬದುಕುತ್ತದೆ, ಇರುವೆ ಗೆದ್ದಲುಗಳ ಮೊಟ್ಟೆ ತಿನ್ನುತ್ತದೆ, ವಿಷವಿಲ್ಲ.

ನನಗೆ ಮಜಾ ಅನ್ನಿಸುವುದು ನಮ್ಮ ಮಾತು. ತೋಡಿದವರು ಯಾರು, ಹೇಗೆ ತೋಡಿದರು ಅಂತ ಕನ್ನಡ ಕೇಳುವುದೇ ಇಲ್ಲ, ಒಳಗೆ ಯಾರಿದ್ದಾರೆ ಅಂತಷ್ಟೇ ನೋಡುತ್ತದೆ. ಇಲಿಗಾದರೆ ಬಿಲ, ಸಿಂಹಕ್ಕೆ ಗುಹೆ. ಇರುವೆ ನೆಲ ಕೊರೆದರೂ ಅದು ಗೂಡು. ಮಣ್ಣಿನ ದಂಡೆಯಲ್ಲಿ ಕೊಕ್ಕಿನಿಂದ ಉದ್ದಕ್ಕೆ ಸುರಂಗ ತೋಡುವ ಕಳ್ಳಿಪೀರ, ಮಿಂಚುಳ್ಳಿಗೂ ಗೂಡೇ, ಯಾಕಂದ್ರೆ ಅವು ಹಕ್ಕಿ. ಮನುಷ್ಯರಿಗೆ ಮಾತ್ರ ಬಿಲ ಸಿಗುವುದು ಬೈಯುವಾಗ: ಸಾಲ ಕೊಟ್ಟವನು ಬರುತ್ತಿದ್ದಾನೆ ಅಂತ ಗೊತ್ತಾದ ಕೂಡಲೇ ಎಲ್ಲಿ ಬಿಲ ಸೇರಿಕೊಂಡ ನೋಡಿ, ಅಂತ.